ಕಪಿಲೆ ಉಕ್ಕಿದ ರಾತ್ರಿ: ಆರು ಡಿಸ್ಕು, ಒಂದು ಒದ್ದೆ ಟೇಪು

ಸಂಜೆ 6 ಗಂಟೆ 40 ನಿಮಿಷ. ಕರೆಂಟು ಹೋಯಿತು. ಬಂತು. ಮತ್ತೆ ಹೋಯಿತು. ಮೂರನೇ ಸಲ ಹೊಡೆದುಕೊಂಡೇ ಬಂತು. ಸರ್ವರ್ ಕೋಣೆಯಿಂದ ಕೀ ಎಂದು ಒಂದೇ ಸಮನೆ ಕೂಗು ಎದ್ದಿತು.

2019ರ ಆಗಸ್ಟ್ 9, ಶುಕ್ರವಾರ. ವರಮಹಾಲಕ್ಷ್ಮಿ ಹಬ್ಬ. ನಂಜನಗೂಡಿನ ಆ ಔಷಧ ಕಾರ್ಖಾನೆಯಲ್ಲಿ ಅರ್ಧಕ್ಕರ್ಧ ಜನ ರಜೆ. ಕಂಪ್ಯೂಟರ್ ವಿಭಾಗದಲ್ಲಿ ಉಳಿದವರು ಮೂವರು: ಡಿಸ್ಕುಗಳ ನಾಡಿ ಹಿಡಿದೇ ಹದಿನೈದು ವರ್ಷ ಕಳೆದ ಮೇಡಂ, ಸೇರಿ ಏಳು ತಿಂಗಳಾದ ಕವಲಂದೆ ಕಡೆಯ ಹುಡುಗ, ಮತ್ತು ನಾನು. ಡಬ್ಬಿಯಲ್ಲಿ ಒಬ್ಬಟ್ಟಿತ್ತು. ಯಾರೂ ಮುಚ್ಚಳ ತೆಗೆಯಲಿಲ್ಲ. ಓಡಿದೆವು.

ಆರು ಡಿಸ್ಕಿನ ಪೆಟ್ಟಿಗೆ. ಐದು ಹಸಿರು ದೀಪ. ಮೂರನೆಯದರ ಮೇಲೆ ಕೆಂಪು.

ಒಂದು ಸತ್ತರೆ ಹೆದರಬೇಕಿಲ್ಲ. ರೇಯ್ಡ್ 5 ಎಂಬ ಜೋಡಣೆಯ ಬಲವೇ ಅದು. ದತ್ತಾಂಶವನ್ನು ತುಂಡು ಮಾಡಿ ಡಿಸ್ಕುಗಳಿಗೆ ಹಂಚುತ್ತದೆ, ಪ್ರತಿ ಸಾಲಿಗೊಂದು ಪ್ಯಾರಿಟಿ ತುಂಡು ಸೇರಿಸುತ್ತದೆ. ಯಾವ ಒಂದು ಡಿಸ್ಕು ಬಿದ್ದರೂ ಉಳಿದ ಐದು ಸೇರಿ ಸತ್ತದ್ದರಲ್ಲಿ ಏನಿತ್ತೆಂದು ಲೆಕ್ಕ ಹಾಕಿ ಹೇಳುತ್ತವೆ. ಕಾವಲಿಗಿದ್ದ ಏಳನೇ ಡಿಸ್ಕು ತಾನಾಗಿ ಎದ್ದಿತು. ಮರುಕಟ್ಟುವ ಕೆಲಸ ಶುರುವಾಯಿತು. ನೂರಕ್ಕೆ ಒಂದು ಪಾಲು. ಎರಡು ಪಾಲು.

ಮೇಡಂ ಮುಖ ಮಾತ್ರ ಸಡಿಲವಾಗಲಿಲ್ಲ. ಐದು ಡಿಸ್ಕು, ತಲಾ 2 ಟಿಬಿ. ಒಟ್ಟು 10 ಟಿಬಿ, ಒಂದಕ್ಷರ ಬಿಡದೆ ಓದಬೇಕು. ಇಂಥ ಡಿಸ್ಕುಗಳಿಗೆ ತಯಾರಕರು ಕೊಡುವ ಭರವಸೆ ಇಷ್ಟೇ: ಸುಮಾರು 12.5 ಟಿಬಿ ಓದಿದರೆ ಒಂದು ಕಡೆ ಎಡವಬಹುದು. ಐದೂ ಒಂದೇ ದಿನ ಕೊಂಡವು, ಒಂದೇ ಕಾವಿನಲ್ಲಿ ಐದು ವರ್ಷ ತಿರುಗಿದವು.

ರಾತ್ರಿ 10 ಗಂಟೆ 52 ನಿಮಿಷ. ನೂರಕ್ಕೆ 71. ಐದನೇ ಡಿಸ್ಕು ಟಕ್ ಎಂದಿತು. ಟಕ್. ಟಕ್. ಟಕ್.

ದೀಪ ಕೆಂಪಾಯಿತು. ಪೆಟ್ಟಿಗೆ ಸ್ತಬ್ಧವಾಯಿತು.

ಅದರೊಳಗಿದ್ದದ್ದು ಆಡಿಟ್ ಲಾಗ್. ಯಾರು, ಯಾವ ಗಳಿಗೆ, ಯಾವ ಕಂಪ್ಯೂಟರಿನಿಂದ ಒಳಗೆ ಬಂದರು, ಯಾವ ಫಲಿತಾಂಶ ತೆರೆದರು, ಏನು ತಿದ್ದಿದರು, ಏನು ಅಳಿಸಿದರು ಎಂಬ ದಾಖಲೆ. 2014ರ ಜನವರಿ 1ರಿಂದ ಒಂದು ದಿನವೂ ಬಿಡದೆ. ಅಮೆರಿಕಕ್ಕೆ ಮಾತ್ರೆ ಕಳಿಸುವ ಕಾರ್ಖಾನೆಗೆ ಇದು ಉಸಿರು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ಜಾರಿಗೆ ತಂದ ಭಾಗ 11ರ ನಿಯಮ ಕಂಪ್ಯೂಟರೇ ಬರೆದ, ಗಳಿಗೆ ನಮೂದಾದ ಲಾಗ್ ಕೇಳುತ್ತದೆ. ದಾಖಲೆ ತಪ್ಪಿದರೆ ದಂಡ ಭಾರಿ: ಸುಳ್ಳು ಹೇಳಿಕೆಯೂ ಸೇರಿದ ಆರೋಪಗಳಲ್ಲಿ ಔಷಧ ಕಂಪನಿ ರ‍್ಯಾನ್‌ಬ್ಯಾಕ್ಸಿಯ ಅಮೆರಿಕದ ಅಂಗಸಂಸ್ಥೆ 2013ರ ಮೇ ತಿಂಗಳಲ್ಲಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ತೆರಬೇಕಾಯಿತು. ನಮ್ಮಲ್ಲಿಗೆ ತಪಾಸಣಾ ತಂಡ ಬರುವುದಿದ್ದದ್ದು ಆಗಸ್ಟ್ 19ರ ಸೋಮವಾರ.

ಇನ್ನೊಂದಿತ್ತು. ನಮಗೆ ಅದೇ ಹೆಚ್ಚು ಭಾರ. 2016ರ ನವೆಂಬರ್ 17ರಂದು ಪ್ರಯೋಗಾಲಯದ ಒಂದು ಫಲಿತಾಂಶ ಅಳಿಸಿಹೋಗಿತ್ತು. ಇಪ್ಪತ್ತೆರಡು ವರ್ಷ ದುಡಿದ ಒಬ್ಬ ಟೆಕ್ನಿಷಿಯನ್ ಮೇಲೆ ಅನುಮಾನ ಬಿದ್ದಿತ್ತು. ಮನುಷ್ಯ ಅಮಾನತಿನಲ್ಲಿ ಮನೆಯಲ್ಲಿ ಕೂತಿದ್ದರು. ವಿಚಾರಣೆಗೆ ಇದ್ದ ಒಂದೇ ಸಾಕ್ಷಿ ಆ ದಿನದ ಲಾಗ್.

ಲಾಗ್ ಎಂದರೇನೆಂದು ನಾನು ಕಲಿತದ್ದು ಭೂಮಿ ಯೋಜನೆಯ ಕಾಲದಲ್ಲಿ. 2001ರ ಸುಮಾರು. ರಾಜೀವ್ ಚಾವ್ಲಾ ಅವರ ಮುಂದಾಳತ್ವ, ಎನ್‌ಐಸಿಯ ತಂತ್ರಾಂಶ, 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದ ವರ್ಷಗಳು. ತಾಲ್ಲೂಕು ಕಚೇರಿಯ ಅಧಿಕಾರಿ ಬೆರಳಚ್ಚು ಒತ್ತಿ ಒಳಗೆ ಹೋಗಬೇಕು. ಖಾತೆ ಬದಲಾದರೆ ‘ನಾನಲ್ಲ’ ಎನ್ನುವಂತಿಲ್ಲ. ಅಂದೇ ತಲೆಗೆ ಹೊಕ್ಕಿತು: ಲಾಗ್ ಉಳಿದರೆ ಬಡವ ಉಳಿಯುತ್ತಾನೆ.

ಪರದೆಯ ಮೇಲೆ ಪ್ರಶ್ನೆ ಮೂಡಿತು. ಪೆಟ್ಟಿಗೆಯನ್ನು ಹೊಸದಾಗಿ ಸಿದ್ಧಗೊಳಿಸಲೇ? ಹೌದು, ಇಲ್ಲ. ಹುಡುಗನ ಬೆರಳು ‘ಹೌದು’ ಕಡೆ ಇಳಿಯಿತು.

“ಕೈ ತೆಗಿ!”

ಮೇಡಂ ಅವನ ಮಣಿಕಟ್ಟು ಹಿಡಿದು ಎಳೆದರು. ಒಂದು ಅಂಗುಲ. ಆ ಗುಂಡಿ ಒತ್ತಿದ್ದರೆ ಆರೂ ಡಿಸ್ಕಿನ ಜೋಡಣೆ ಅಳಿಸಿ, ಬರೆದದ್ದರ ಮೇಲೆ ಸೊನ್ನೆ ಹರಿಯುತ್ತಿತ್ತು. ಹುಡುಗ ಬೆವರಿದ. ತಪ್ಪು ತಿದ್ದುವ ಆತುರದಲ್ಲಿ ಡಿಸ್ಕುಗಳನ್ನು ಸರಸರನೆ ಹೊರಗೆಳೆದು ಮೇಜಿನ ಮೇಲೆ ಪೇರಿಸಿದ. ಯಾವುದು ಯಾವ ಗೂಡಿನದೆಂದು ಗುರುತು ಹಾಕಲಿಲ್ಲ.

ಆ ತಪ್ಪು ನಮಗೆ ತಿಳಿದದ್ದು ಭಾನುವಾರ.

“ಇನ್ನೊಂದು ನಕಲು ಎಲ್ಲಿದೆ?” ಮೇಡಂ ಕೇಳಿದರು. ಕಾರ್ಖಾನೆಯೊಳಗಿನ ನಕಲು ಇದ್ದದ್ದು ಇದೇ ಪೆಟ್ಟಿಗೆಯ ಇನ್ನೊಂದು ಫೋಲ್ಡರಿನಲ್ಲಿ. ಹೋಯಿತು. ಹೊರಗಿನ ನಕಲು ತಿ. ನರಸೀಪುರದ ಉಗ್ರಾಣದಲ್ಲಿ, ಬೀರುವಿನೊಳಗೆ, ಟೇಪುಗಳ ಮೇಲೆ. ಜೊತೆಗೊಂದು ರಿಜಿಸ್ಟರ್. ಪ್ರತಿ ಮಧ್ಯರಾತ್ರಿ ಆ ದಿನದ ಲಾಗ್ ಮುಚ್ಚುತ್ತದೆ. ಶಾ-256 ಎಂಬ ಲೆಕ್ಕ ಅದನ್ನು ಅರೆದು 64 ಅಕ್ಷರದ ಒಂದು ಮುದ್ರೆ ತೆಗೆಯುತ್ತದೆ. ಬೆಳಿಗ್ಗೆ ಉಗ್ರಾಣದ ಪ್ರಿಂಟರಿನಲ್ಲಿ ಆ ಮುದ್ರೆ ಹೊರಬರುತ್ತದೆ. ಗುಮಾಸ್ತರು ಸಹಿ ಹಾಕಿ ಅಂಟಿಸುತ್ತಾರೆ. ಲಾಗಿನಲ್ಲಿ ಒಂದು ಚುಕ್ಕೆ ಬದಲಾದರೂ 64 ಅಕ್ಷರವೂ ಕಲಸಿಹೋಗುತ್ತವೆ. ಕಾಶಿಗಿಂತ ಗುಲಗಂಜಿ ತೂಕ ಹೆಚ್ಚೆಂದು ಹೆಸರಾದ ಗುಂಜಾ ನರಸಿಂಹನ ಊರು ತಿ. ನರಸೀಪುರ. ಈ ಲೆಕ್ಕದಲ್ಲೂ ಗುಲಗಂಜಿ ತೂಕದ ರಿಯಾಯಿತಿ ಇಲ್ಲ.

ಉಗ್ರಾಣಕ್ಕೆ ಫೋನು ಮಾಡಿದೆ. ಕಾವಲುಗಾರ ಎತ್ತಿದ.

“ಅಂಗ್ಳಕ್ಕೆ ನೀರು ಬಂದದೆ ಸಾ. ಏರ್ತಾ ಅದೆ.”

ಲೈನು ಕಡಿಯಿತು.

ನಮ್ಮಲ್ಲಿ ಬರೀ ಜಿಟಿಜಿಟಿ. ಮಳೆ ಕವುಚಿಕೊಂಡಿದ್ದದ್ದು ವಯನಾಡಿನಲ್ಲಿ. ಅಲ್ಲಿಂದ ಇಳಿದ ನೀರು ಬೀಚನಹಳ್ಳಿಯ ಕಬಿನಿ ಜಲಾಶಯಕ್ಕೆ ನುಗ್ಗಿತ್ತು. 2,284 ಅಡಿಯ ಜಲಾಶಯ ತುಂಬಿ ನಿಂತಿತ್ತು. ಗೇಟು ಎತ್ತದೆ ದಾರಿ ಇರಲಿಲ್ಲ. ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತು. ಸೆಕೆಂಡಿಗೆ 28 ಲಕ್ಷ ಲೀಟರ್. ನಂಜನಗೂಡಿನಲ್ಲಿ ಸ್ನಾನಘಟ್ಟ ಮುಳುಗಿತು. ಹದಿನಾರು ಕಾಲಿನ ಮಂಟಪ ಕಣ್ಣೆದುರೇ ಕುಸಿದಂತೆ ಕುಗ್ಗುತ್ತ ಹೋಯಿತು. ಊರಿನವರಿಗೆ ಪ್ರವಾಹದ ಅಳತೆಗೋಲು ಆ ಮಂಟಪವೇ. ಮಲ್ಲನಮೂಲೆ ಮಠದ ಬಳಿ ಮೈಸೂರು ಹೆದ್ದಾರಿಗೆ ನೀರು ಹತ್ತಿತು.

ಆಗ ಹೊಳೆಯಿತು. ಹೊಟ್ಟೆ ತಣ್ಣಗಾಯಿತು.

ಕಬಿನಿಯೇ ಕಪಿಲೆ. ನಂಜನಗೂಡು ಕಪಿಲೆಯ ದಡ. ತಿ. ನರಸೀಪುರವೂ ಕಪಿಲೆಯ ದಡ, ಕಾವೇರಿಗೆ ಅದು ಸೇರುವ ಜಾಗ. ಮೂಲ ಮೇಲೆ, ನಕಲು ಕೆಳಗೆ, ನಡುವೆ ಒಂದೇ ನೀರು. ಐದು ವರ್ಷ ನಾವು ‘ಬೇರೆ ಊರಿನಲ್ಲಿ ಇಟ್ಟಿದ್ದೇವೆ’ ಎಂದು ಕಡತದಲ್ಲಿ ಬರೆದು ನಿಶ್ಚಿಂತೆಯಿಂದ ಮಲಗಿದ್ದೆವು.

12 ಗಂಟೆ 20. ಬೊಲೆರೊ ಪಿಕಪ್ ಹೊರಟಿತು. ಸ್ಟೀರಿಂಗ್ ಹಿಂದೆ ಮೂಗೂರಿನ ಡ್ರೈವರ್, ಪಕ್ಕದಲ್ಲಿ ನಾನು. ಹಿಂದೆ ಹಗ್ಗ, ಮಚ್ಚು, ಮುಚ್ಚಳದ ಎರಡು ಪ್ಲಾಸ್ಟಿಕ್ ಬಕೆಟ್. ಹೊಳೆ ಪಕ್ಕದ ನೇರ ದಾರಿಯಲ್ಲಿ ನೀರು ಗದ್ದೆಗೆ ಇಳಿದಿದೆ ಎಂಬ ಸುದ್ದಿ. ಡ್ರೈವರ್ ಒಂದು ಕ್ಷಣ ಯೋಚಿಸಿದ. ದಕ್ಷಿಣಕ್ಕೆ ತಿರುಗಿಸಿದ. ಬದನವಾಳು, ಕವಲಂದೆ, ಸಂತೆಮರಹಳ್ಳಿ, ಅಲ್ಲಿಂದ ಮೇಲಕ್ಕೆ ಮೂಗೂರು. ನೇರ ದಾರಿಯ ಎರಡರಷ್ಟು ಉದ್ದ. ಆದರೆ ಕಪಿಲೆಯನ್ನು ಎಲ್ಲೂ ದಾಟಬೇಕಿಲ್ಲ.

ಬದನವಾಳಿನ ಖಾದಿ ಕೇಂದ್ರ ಕತ್ತಲಲ್ಲಿ ಸರಿಯಿತು. ಕವಲಂದೆ ಬಿಟ್ಟ ಮೇಲೆ ರಸ್ತೆಗೆ ಅಡ್ಡ ಗೋಣಿಮರದ ಕೊಂಬೆ. ಇಳಿದೆವು. ಕಡಿದೆವು. ಹಗ್ಗ ಕಟ್ಟಿ ಎಳೆದೆವು. ಇಪ್ಪತ್ತು ನಿಮಿಷ ಹೋಯಿತು. ಮುಂದೊಂದು ತಗ್ಗಿನ ಮೋರಿ. ಮೇಲೆ ಕೆಂಪು ನೀರು ಓಡುತ್ತಿತ್ತು. ಡ್ರೈವರ್ ಪ್ಯಾಂಟು ಮಡಚಿದ, ಕೋಲು ಹಿಡಿದ, ಹೆಡ್‌ಲೈಟ್ ಬೆಳಕಿನಲ್ಲಿ ನಡೆದೇ ಹೋದ. ನೀರು ಪಾದ ಮುಳುಗಿಸಿತು. ಮೀನಖಂಡ. ಮಂಡಿ. ನಿಂತ. ಕೋಲು ಚುಚ್ಚಿದ. ಹಿಂದಿರುಗಿ ಬಂದ.

“ಡಾಂಬ್ರು ಅದೆ ಸಾ ಕೆಳ್ಗೆ. ಆಯ್ತದೆ ಬುಡಿ.”

ಮೊದಲನೇ ಗೇರ್. ಆಕ್ಸಿಲರೇಟರ್ ಒತ್ತಿದ ಕಾಲು ಎತ್ತಲಿಲ್ಲ. ಎತ್ತಿದ್ದರೆ ಸೈಲೆನ್ಸರಿಗೆ ನೀರು. ಗಾಡಿ ಎಡಕ್ಕೆ ಜಾರಿತು. ಹಿಂದಿನ ಚಕ್ರ ಅಂಚಿನ ಕಲ್ಲಿಗೆ ತಾಗಿ ಸದ್ದಾಯಿತು. ದಾಟಿತು. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ನಡುಗಿತು. ಮೇಡಂ ಸಂದೇಶ: ‘ಐದನೆಯದು ಸಾಯ್ತಿದೆ. ಮೊದಲು ಅದನ್ನೇ ಹಿಡಿದಿದ್ದೇನೆ.’

ಆಕೆಯ ಮೊದಲ ನಿಯಮ ಇದು. ಏಟು ತಿಂದ ಡಿಸ್ಕಿನ ಮೇಲೆ ದುರಸ್ತಿ ಮಾಡಬೇಡ. ಮೊದಲು ಅಕ್ಷರಕ್ಕೆ ಅಕ್ಷರ ಪಡಿಯಚ್ಚು ತೆಗಿ, ದುರಸ್ತಿಯನ್ನು ಪಡಿಯಚ್ಚಿನ ಮೇಲೆ ಮಾಡು. ಖಾಲಿ ಡಿಸ್ಕು ಹಬ್ಬದ ರಾತ್ರಿ ಎಲ್ಲಿ ಸಿಗಬೇಕು? ಸಿಸಿಟಿವಿಗೆಂದು ತಂದು ಸೀಲು ಒಡೆಯದೆ ಇಟ್ಟಿದ್ದ 4 ಟಿಬಿಯ ಡಿಸ್ಕುಗಳನ್ನು ಕಾರ್ಖಾನೆಯ ಸ್ಟೋರ್ ಕೋಣೆಯ ಬೀಗ ತೆಗೆಸಿ ಹೊರತಂದರು. ಡಿಡಿ ರೆಸ್ಕ್ಯೂ ಓಡಿಸಿದರು. ಅಂಟೋನಿಯೊ ಡಯಾಸ್ ಡಯಾಸ್ ಬರೆದು ಜಗತ್ತಿಗೆ ಬಿಟ್ಟುಕೊಟ್ಟ ತಂತ್ರಾಂಶ. ಸುಲಭವಾಗಿ ಬರುವುದನ್ನು ಮೊದಲು ಬಾಚುತ್ತದೆ. ಮುಗ್ಗರಿಸಿದ ಕಡೆ ಹಟ ಹಿಡಿಯದೆ ಹಾರಿ ಮುಂದೆ ಹೋಗುತ್ತದೆ. ಬಿಟ್ಟ ಜಾಗಗಳ ನಕ್ಷೆ ಬರೆದಿಟ್ಟುಕೊಂಡು ಆಮೇಲೆ ಹಿಂದಿರುಗಿ ಕೆರೆಯುತ್ತದೆ.

2 ಗಂಟೆ 50. ತಿ. ನರಸೀಪುರ. ಉಗ್ರಾಣದ ಅಂಗಳದಲ್ಲಿ ತೊಡೆಮಟ್ಟ ನೀರು.

ಕಾವಲುಗಾರ ಸಜ್ಜೆಯ ಮೇಲೆ ಕೂತಿದ್ದ. ಕೀಲಿ ಮ್ಯಾನೇಜರ್ ಮನೆಯಲ್ಲಿ, ಮನೆ ನೀರಿನಾಚೆ. ಜಾಕಿಯ ರಾಡು ತಂದು ಬೀಗಕ್ಕೆ ಸಿಕ್ಕಿಸಿದೆವು. ಮೂವರೂ ಜೋತುಬಿದ್ದೆವು. ಕೊಂಡಿ ಕಿತ್ತುಬಂತು. ಒಳಗೆ ಮಂಡಿ ನೀರು, ತೇಲುವ ಅಟ್ಟೆಪೆಟ್ಟಿಗೆ, ಡೀಸೆಲ್ ನಾತ. ಟಾರ್ಚು ಬೀರುವಿನ ಮೇಲೆ ಬಿತ್ತು. ಮೇಲಿನ ಅರೆಯಲ್ಲಿ ರಿಜಿಸ್ಟರ್. ಒಣಗಿತ್ತು! ಅಂಗಿಯೊಳಗೆ ಸೇರಿಸಿ ಬೆಲ್ಟು ಬಿಗಿದೆ.

ಟೇಪುಗಳು ಎಲ್ಲಿ? ಭಾರದ್ದು ಕೆಳಗಿರಲಿ ಎಂದು ಯಾರೋ ಕೆಳಗಿನ ಅರೆಯಲ್ಲಿ ಇಟ್ಟಿದ್ದರು.

ಕೈ ಇಳಿಸಿ ತಡಕಾಡಿದೆ. ಒಂದು, ಎರಡು, ಮೂರು. ಒಂಬತ್ತೂ ಸಿಕ್ಕವು. ಐದು ಮೇಲಿನ ಪೆಟ್ಟಿಗೆಯಲ್ಲಿದ್ದು ಉಳಿದಿದ್ದವು. ನಾಲ್ಕರಿಂದ ಕೆಸರು ನೀರು ಸುರಿಯುತ್ತಿತ್ತು. ಒಂದೊಂದೇ ತಿರುಗಿಸಿ ಚೀಟಿ ಓದಿದೆ. ನಾಲ್ಕನೆಯದರ ಮೇಲೆ: 2014–2016.

ಒದ್ದೆ ಟೇಪನ್ನು ಬಿಸಿಲಿಗಿಡಬಾರದು, ಬಿಸಿಗಾಳಿ ಊದಬಾರದು. ಕೆಸರು ಒಣಗಿ ಮರಳು ಕಾಗದದಂತೆ ಗಟ್ಟಿಯಾದರೆ ಟೇಪು ಬಿಚ್ಚುವಾಗ ತನ್ನನ್ನೇ ಉಜ್ಜಿ ಅಳಿಸಿಕೊಳ್ಳುತ್ತದೆ. ಹಾಗಾಗಿ ಒದ್ದೆಯದನ್ನು ಒದ್ದೆಯಾಗೇ ಇಡಬೇಕು, ಚೊಕ್ಕ ನೀರಿನಲ್ಲಿ. ಕಾವಲುಗಾರ ತನ್ನ ಕುಡಿಯುವ ನೀರಿನ ಕ್ಯಾನನ್ನೇ ಬಕೆಟ್ಟಿಗೆ ಸುರಿದ. ನಾಲ್ಕೂ ಮುಳುಗಿಸಿ ಮುಚ್ಚಳ ಒತ್ತಿದೆವು. ಅವನನ್ನೂ ಗಾಡಿಗೆ ಹತ್ತಿಸಿಕೊಂಡೆವು. ಅಂಗಳ ದಾಟುವಷ್ಟರಲ್ಲಿ ನೀರು ಬಾಗಿಲ ಹಿಡಿ ಮುಟ್ಟಿತ್ತು.

ಹಿಂದಿರುಗುವಾಗ ಇನ್ನೊಂದು ತೊಂದರೆ. ಕೊನೆಯ ತೊಳೆತಕ್ಕೆ ಲವಣವಿಲ್ಲದ ನೀರು ಬೇಕು, ಬಟ್ಟಿ ಇಳಿಸಿದ್ದು. ನಸುಕಿನಲ್ಲಿ ಹಳ್ಳಿಯಲ್ಲಿ ಯಾರ ಬಳಿ ಇರುತ್ತದೆ?

“ಬ್ಯಾಟ್ರಿ ನೀರು ಆಗ್ದಾ ಸಾ?” ಡ್ರೈವರ್ ಕೇಳಿದ.

ಸಂತೆಮರಹಳ್ಳಿಯಲ್ಲಿ ಪಂಕ್ಚರ್ ಅಂಗಡಿಯ ಬಾಗಿಲು ಬಡಿದೆವು. ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರು, ಐದು ಲೀಟರಿನ ಎಂಟು ಕ್ಯಾನ್. ಎಲ್ಲವನ್ನೂ ಕೊಂಡೆವು. ಈ ಕೆಲಸದಲ್ಲಿ ನಾನು ಕಂಡ ಅತ್ಯುತ್ತಮ ಉಪಾಯ ಅದು, ಕೊಟ್ಟವನು ಏಳನೇ ತರಗತಿ ಓದಿದವನು.

ಶನಿವಾರ ಬೆಳಿಗ್ಗೆ 8 ಗಂಟೆ. ಸರ್ವರ್ ಕೋಣೆ. ಮೇಡಂ ಕಣ್ಣು ಕೆಂಪು. ಐದನೇ ಡಿಸ್ಕು 71 ಪಾಲಿನವರೆಗೆ ಸೆಕೆಂಡಿಗೆ 90 ಎಂಬಿಯಂತೆ ಓಡಿ ಬಂದಿತ್ತು. ಅಲ್ಲಿಂದ ಮುಂದೆ ತೆವಳುತ್ತಿತ್ತು. 40 ಕೆಬಿ. 12 ಕೆಬಿ. ಟಕ್, ಟಕ್. ಹುಡುಗ ಫ್ರೀಜರಿನಲ್ಲಿಡೋಣ ಎಂದ, ಎಲ್ಲೋ ಓದಿದ್ದ. ಆಕೆ ಬಿಡಲಿಲ್ಲ. ಫ್ರೀಜರಿನಿಂದ ತೆಗೆದೊಡನೆ ತಟ್ಟೆಗಳ ಮೇಲೆ ಇಬ್ಬನಿ ಕೂರುತ್ತದೆ. ತಲೆ ಅದರ ಮೇಲೆ ಓಡಿದರೆ ಮುಗಿಯಿತು. ಆರಿಸಿದರು. ಟೇಬಲ್ ಫ್ಯಾನ್ ಇಟ್ಟರು. ಅರ್ಧ ಗಂಟೆ ತಣಿಸಿದರು. ಈ ಸಲ ಕೊನೆಯಿಂದ ಹಿಂದಕ್ಕೆ ಓದಿಸಿದರು. ಓಡಿತು! ಹಿಂದಿನಿಂದ ಬಂದ ಓಟ ಮುಂದಿನಿಂದ ಬಂದ ಓಟವನ್ನು ಸೇರಹೊರಟಿತು. ಕೊನೆಗೆ 2 ಟಿಬಿಯಲ್ಲಿ 600 ಎಂಬಿ ಬಾರದೆ ಉಳಿಯಿತು. ನೂರರಲ್ಲಿ 0.03 ಪಾಲು.

ತೂತುಗಳೆಲ್ಲ ಬಿದ್ದದ್ದು ಲಾಗ್ ಇದ್ದ ಭಾಗದಲ್ಲೇ.

ಆಗ ಆಕೆ ಮೂರನೇ ಡಿಸ್ಕಿನ ಕಡೆ ತಿರುಗಿದರು. ಮೊದಲು ಸತ್ತದ್ದು. ಅದನ್ನು ಎಲ್ಲರೂ ಮರೆತಿದ್ದೆವು.

“ಇದು ಟಕ್ ಅನ್ನಲಿಲ್ಲ. ಸದ್ದೇ ಇಲ್ಲದೆ ಹೋಯ್ತು. ಸತ್ತಿರೋದು ಎದೆಯಲ್ಲ, ಹಲಗೆ.”

ಸ್ಕ್ರೂ ಬಿಚ್ಚಿದರು. ಹಸಿರು ಸರ್ಕ್ಯೂಟ್ ಹಲಗೆ ಹೊರಬಂತು. ವಿದ್ಯುತ್ ಒಳಬರುವ ಬಾಯಲ್ಲಿ ಒಂದು ಪುಟ್ಟ ರಕ್ಷಣಾ ಡಯೋಡ್ ಇರುತ್ತದೆ. ವೋಲ್ಟೇಜ್ ಮಿತಿ ಮೀರಿ ನುಗ್ಗಿದರೆ ಅದು ತಾನು ಶಾರ್ಟ್ ಆಗಿ ಪ್ರಾಣ ಬಿಡುತ್ತದೆ, ಡಿಸ್ಕನ್ನು ಕಾಯುತ್ತದೆ. ಮಲ್ಟಿಮೀಟರ್ ಇಟ್ಟರು. ಸೊನ್ನೆ ಓಮ್. ಅಲ್ಲೇ ಇತ್ತು ಹೆಣ. ಅದನ್ನು ಕಿತ್ತರೆ ಡಿಸ್ಕು ಎದ್ದೀತು. ಆದರೆ ಕಾವಲು ಇಲ್ಲದ ಡಿಸ್ಕು. ಇನ್ನೊಂದು ಸಣ್ಣ ಏಟು ಬಿದ್ದರೂ ನೇರ ಎದೆಗೆ.

ಸೂಕ್ಷ್ಮ ಕತ್ತರಿ ಇರಲಿಲ್ಲ. ಮೇಡಂ ಬ್ಯಾಗಿನಿಂದ ಉಗುರು ಕತ್ತರಿ ತೆಗೆದರು. ಕಚ್. ಹಲಗೆ ಕೂರಿಸಿದರು. ಗುಂಡಿ ಒತ್ತಿದರು.

ಮೂರು ಸೆಕೆಂಡು ಮೌನ. ಆಮೇಲೆ ಊಊಂ ಎಂದು ತಟ್ಟೆಗಳು ಏರಿದವು. ಹುಡುಗ ಅತ್ತೇಬಿಟ್ಟ.

ಇಲ್ಲಿ ಒಂದು ಸೂಕ್ಷ್ಮ ಇತ್ತು, ಅದನ್ನು ಹಿಡಿದದ್ದು ಆಕೆಯ ಹಿರಿಮೆ. ಮೂರನೇ ಡಿಸ್ಕು 6 ಗಂಟೆ 40ಕ್ಕೇ ನಿಂತಿತ್ತು; ನಂತರದ ಬರಹ ಅದರಲ್ಲಿಲ್ಲ. ಹಳಸಲು ಡಿಸ್ಕನ್ನು ಸೇರಿಸಬಾರದೆಂದು ಪುಸ್ತಕ ಹೇಳುತ್ತದೆ. ಆದರೆ ಹಳೆಯ ಲಾಗ್ ಒಮ್ಮೆ ಬರೆದ ಮೇಲೆ ಬದಲಾಗುವುದೇ ಇಲ್ಲ. 2016ರ ಸಾಲಿಗೆ 2019ರ ಸಂಜೆ ಏನಾದರೇನು? ಹಳೆಯದನ್ನು ಮೂರನೆಯದರಿಂದ ತೆಗೆ, ಆ ಸಂಜೆಯದನ್ನು ಐದನೆಯದರಿಂದ ತೆಗೆ. ಎರಡು ಅರೆಜೀವ ಸೇರಿಸಿ ಒಂದು ಜೀವ.

ಪಡಿಯಚ್ಚು ಶುರು. ಆರು ಗಂಟೆಯ ಕೆಲಸ. ಮಧ್ಯಾಹ್ನ 3ಕ್ಕೆ ಕರೆಂಟು ಹೋಯಿತು.

ಯುಪಿಎಸ್ ಪರದೆ: 14 ನಿಮಿಷ. ಜನರೇಟರ್ ಎರಡು ಸಲ ಕೆಮ್ಮಿ ನಿಂತಿತು, ಟ್ಯಾಂಕು ಬರಿದು. ಹೆದ್ದಾರಿ ಮುಚ್ಚಿದೆ, ಡೀಸೆಲ್ ಬರುವುದಿಲ್ಲ. 9 ನಿಮಿಷ. ಡ್ರೈವರ್ ಕೇಳಲೂ ಇಲ್ಲ. ಪಿಕಪ್ ಟ್ಯಾಂಕಿಗೆ ಪೈಪು ಇಳಿಸಿದ, ಬಾಯಲ್ಲಿ ಎಳೆದ, ಉಗುಳಿದ, ಕ್ಯಾನ್ ತುಂಬಿಸಿದ, ಓಡಿದ. 4 ನಿಮಿಷ. ಜನರೇಟರ್ ಕೆಮ್ಮಿತು. 2 ನಿಮಿಷ. ಹಿಡಿದುಕೊಂಡಿತು.

ಆ ರಾತ್ರಿ ಮೇಡಂ ಕೊಲಂಬಿಯಾದ ಕಥೆ ಹೇಳಿದರು, ಹುಡುಗ ನಿದ್ದೆಗೆ ಜಾರದಿರಲಿ ಎಂದು. 2003ರ ಫೆಬ್ರವರಿ 1. ಕಲ್ಪನಾ ಚಾವ್ಲಾ ಸೇರಿ ಏಳು ಜನರಿದ್ದ ನೌಕೆ ಭೂಮಿಯಿಂದ ಸುಮಾರು 60 ಕಿಲೋಮೀಟರ್ ಮೇಲೆ ಚೂರಾಯಿತು. ಝೆನಾನ್ ಅನಿಲದ ಪ್ರಯೋಗದ ಫಲಿತಾಂಶವಿದ್ದ ಒಂದು ಸೀಗೇಟ್ ಡಿಸ್ಕು ಒಣಗಿದ ಕೆರೆಯಂಗಳದಲ್ಲಿ ಸಿಕ್ಕಿತು. ಕರಗಿ ಸೀದ ಲೋಹದ ಮುದ್ದೆ. ಕ್ರೋಲ್ ಆನ್‌ಟ್ರ್ಯಾಕ್ ಕಂಪನಿಯ ಜಾನ್ ಎಡ್ವರ್ಡ್ಸ್ ಬಿಚ್ಚಿ ನೋಡಿದರೆ ತಟ್ಟೆಗಳು ಬಾಗಿರಲಿಲ್ಲ. ತೊಳೆದರು, ಹೊಸ ಕವಚಕ್ಕೆ ಕೂರಿಸಿದರು, ಸುಮಾರು 99 ಪಾಲು ಓದಿ ತೆಗೆದರು. ಪ್ರಯೋಗದ ಪ್ರಬಂಧ 2008ರಲ್ಲಿ ಪ್ರಕಟವಾಯಿತು.

“ಅದು ಆಕಾಶದಿಂದ ಬಿದ್ದು ಉಳೀತು. ನಮ್ಮದು ಮೇಜಿನ ಮೇಲಿದೆ,” ಎಂದರು.

ಹುಡುಗ ಎದ್ದು ಮುಖ ತೊಳೆದು ಬಂದ.

ಭಾನುವಾರ. ಎಲ್ಲ ಪಡಿಯಚ್ಚು ಕೈಯಲ್ಲಿ. ಈಗ ಜೋಡಿಸಬೇಕು. ಅಲ್ಲಿ ಸಿಕ್ಕಿಬಿದ್ದೆವು. ಮೂರು, ಐದು ಗೊತ್ತು. ಉಳಿದ ನಾಲ್ಕರಲ್ಲಿ ಯಾವುದು ಮೊದಲು? 24 ಬಗೆಯ ಸಾಲು. ತುಂಡಿನ ಅಳತೆ 16 ಕೆಬಿಯೋ, 64 ಕೆಬಿಯೋ, 256 ಕೆಬಿಯೋ? ಪ್ಯಾರಿಟಿ ಸುತ್ತುವುದು ಎಡಕ್ಕೋ ಬಲಕ್ಕೋ? ಕಂಟ್ರೋಲರ್ ಎಲ್ಲ ಮರೆತು ಕೂತಿತ್ತು. ಒಂದು ತಪ್ಪು ಜೋಡಣೆ, ಹೊರಬರುವುದು ಬರೀ ಕಸ.

ದಾರಿ ತೋರಿಸಿದ್ದು ತಪ್ಪು ಮಾಡಿದ ಹುಡುಗನೇ. ಕಚ್ಚಾ ಪಡಿಯಚ್ಚು ತೆರೆದು ಕಣ್ಣಲ್ಲೇ ಓದುತ್ತ ಕೂತಿದ್ದ. ಕೂಗಿದ.

“ಮೇಡಂ, ಇಲ್ಲಿ ತುಂಡು ಮುಗಿಯೋದು 23:41:07ಕ್ಕೆ. ಆ ಡಿಸ್ಕಲ್ಲಿ ಒಂದು ತುಂಡು ಶುರುವಾಗೋದು 23:41:08ಕ್ಕೆ!”

ಲಾಗ್ ತನ್ನ ಗಳಿಗೆಯ ಗುರುತಿನಿಂದ ತಾನೇ ತನ್ನನ್ನು ಹೊಲಿದುಕೊಳ್ಳುತ್ತಿತ್ತು. ಒಂದು ಡಿಸ್ಕಿನ ಕೊನೆಯ ಸೆಕೆಂಡು, ಇನ್ನೊಂದರ ಮೊದಲ ಸೆಕೆಂಡು. ಹಿಂಬಾಲಿಸಿದೆವು. ತುಂಡು 64 ಕೆಬಿ. ಸಾಲು ಸಿಕ್ಕಿತು. ಪ್ಯಾರಿಟಿ ಎಡಕ್ಕೆ. ರಾತ್ರಿ 9ಕ್ಕೆ ಫೋಲ್ಡರ್ ತೆರೆಯಿತು. ಐದೂವರೆ ವರ್ಷ, ದಿನಕ್ಕೊಂದು ಕಡತ.

ತೆರೆದರೆ ಸಾಲದು, ನಿಜವೆಂದು ತೋರಬೇಕು. 2014ರ ಜನವರಿ 1ರಿಂದ 2019ರ ಆಗಸ್ಟ್ 8ರವರೆಗೆ 2,046 ದಿನ. ದಿನಕ್ಕೆ 64 ಅಕ್ಷರ. ಒಟ್ಟು 1,30,944 ಅಕ್ಷರ. ರಿಜಿಸ್ಟರ್ ಕಾಗದದ್ದು, ನನ್ನ ಬೆವರಿಗೆ ಅಂಚು ಮೆತ್ತಗಾಗಿತ್ತು. ಒಬ್ಬರು ಓದಬೇಕು, ಒಬ್ಬರು ಪರದೆ ನೋಡಬೇಕು, ಒಬ್ಬರು ಟಿಕ್ ಹಾಕಬೇಕು. ಗಂಟೆಗೊಮ್ಮೆ ಜಾಗ ಬದಲು. ಗಂಟಲು ಒಡೆಯಿತು. ಕಾವಲುಗಾರ ಬಿಸಿನೀರು ತಂದಿಟ್ಟ. ಸೋಮವಾರ ಸಂಜೆಗೆ ಮುಗಿಯಿತು.

2,045 ದಿನ ಸರಿ. ಒಂದು ದಿನ ತಪ್ಪು.

ಯಾವ ದಿನ? 2016ರ ನವೆಂಬರ್ 17.

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಮೇಡಂ ಎರಡು ಡಿಸ್ಕಿನ ನಕ್ಷೆ ಪಕ್ಕಪಕ್ಕ ಇಟ್ಟರು. ಮೂರನೆಯದರಲ್ಲಿ ಓದಲಾಗದ ಜಾಗ ಇದ್ದದ್ದು ಬೆರಳೆಣಿಕೆಯಷ್ಟು. ಅದರಲ್ಲೊಂದು ಐದನೆಯದರ ತೂತಿನ ಸಾಲಿನ ಮೇಲೇ ಬಿದ್ದಿತ್ತು. ಒಂದೇ ಸಾಲಿನಲ್ಲಿ ಎರಡು ತುಂಡು ಇಲ್ಲ. ಲೆಕ್ಕಕ್ಕೆ ಸಿಗುವುದಿಲ್ಲ.

ಉಳಿದದ್ದು ಬಕೆಟ್ಟಿನ ಟೇಪು.

ಎಲ್‌ಟಿಒ-5. 846 ಮೀಟರ್ ಉದ್ದ, 6.4 ಮೈಕ್ರಾನ್ ದಪ್ಪ, ಕೂದಲಿಗಿಂತ ಎಷ್ಟೋ ತೆಳು. ಅದನ್ನು ಬಿಚ್ಚಲು ಧೂಳಿಲ್ಲದ ಜಾಗ ಬೇಕು. ಔಷಧ ಕಾರ್ಖಾನೆಯಲ್ಲಿ ಅದಕ್ಕೆ ಬರವೇ? ತರಬೇತಿಗೆಂದು ಇಟ್ಟಿದ್ದ, ಉತ್ಪಾದನೆಗೆ ಬಳಸದ ಲ್ಯಾಮಿನಾರ್ ಗಾಳಿಯ ಮೇಜು ಇತ್ತು. ಹೆಪಾ ಫಿಲ್ಟರ್, 0.3 ಮೈಕ್ರಾನ್ ಕಣವನ್ನೂ ನೂರಕ್ಕೆ 99.97 ತಡೆಯುತ್ತದೆ. ಗವುಸು, ಟೋಪಿ, ಮುಖಗವುಸು ತೊಟ್ಟೆವು. ಕವಚದ ಸ್ಕ್ರೂ ಬಿಚ್ಚಿದೆವು. ಸುರುಳಿಯನ್ನು ಬ್ಯಾಟರಿ ನೀರಿನಲ್ಲಿ ತೊಳೆದೆವು. ನೀರು ಕೆಂಪಾಯಿತು. ಬದಲಿಸಿದೆವು. ಮಸುಕಾಯಿತು. ಬದಲಿಸಿದೆವು. ಏಳನೇ ಸಲ ತಿಳಿಯಾಯಿತು.

ಆಮೇಲೆ ಕೈಯಲ್ಲೇ ಸುತ್ತಿದೆವು. ಒಂದು ಸುರುಳಿಯಿಂದ ಇನ್ನೊಂದಕ್ಕೆ, ನಡುವೆ ನಾರು ಬಿಡದ ಬಟ್ಟೆ, ಮೇಲೆ ತಂಪು ಗಾಳಿ. ಸೆಕೆಂಡಿಗೆ ನಾಲ್ಕೈದು ಸೆಂಟಿಮೀಟರ್. ಜೋರಾದರೆ ಹಿಗ್ಗುತ್ತದೆ, ನಿಧಾನವಾದರೆ ಅಂಟುತ್ತದೆ. ಐದು ಗಂಟೆ. ಹುಡುಗ ಒಮ್ಮೆಯೂ ಕೈ ಬದಲಿಸಲಿಲ್ಲ. 600 ಮೀಟರಿನ ಹತ್ತಿರ ಅಂಚು ಮಡಚಿತು. ನಿಲ್ಲಿಸಿದ. ಉಸಿರು ಹಿಡಿದ. ಬೆರಳ ತುದಿಯಿಂದ ನೇವರಿಸಿ ಬಿಡಿಸಿದ. ಮುಂದುವರಿಸಿದ.

ಹೊಸ ಕವಚ. ಹಳೆಯದರ ಪುಟ್ಟ ನೆನಪಿನ ಚಿಪ್ಪನ್ನು ಕಿತ್ತು ಇದಕ್ಕೆ ಕೂರಿಸಿದೆವು. ಅದಿಲ್ಲದೆ ಡ್ರೈವ್ ಟೇಪಿನ ಗುರುತು ಹಿಡಿಯಲು ತಡವರಿಸುತ್ತದೆ. ಹುಡುಗ ಬರಹ ತಡೆಯುವ ಕೆಂಪು ಗುಂಡಿಯನ್ನು ಕೇಳದೆಯೇ ಸರಿಸಿದ. ನೀರು ಇಳಿದ ಮೇಲೆ ಮೈಸೂರಿನಿಂದ ಡ್ರೈವ್ ಬಂತು. ಟೇಪು ಒಳಗೆ ಹೋಯಿತು.

ಓಡಿತು. ನಿಂತಿತು. ಹಿಂದೆ ಹೋಯಿತು, ಮುಂದೆ ಬಂತು, ಹಿಂದೆ ಹೋಯಿತು. ಮಡಚಿದ ಜಾಗ! ಡ್ರೈವ್ ಹಟ ಹಿಡಿಯಿತು. ಹನ್ನೊಂದು ಸಲ. ಹನ್ನೆರಡನೇ ಸಲ ದಾಟಿತು.

2016, ನವೆಂಬರ್ 17. ಕಡತ ಇಳಿಯಿತು. ಶಾ-256 ಓಡಿಸಿದೆವು. ಹುಡುಗ ರಿಜಿಸ್ಟರ್ ಹಿಡಿದು ಓದಿದ, ಒಂದೊಂದೇ ಅಕ್ಷರ. ಅರವತ್ತು. ಅರವತ್ತೊಂದು. ಅರವತ್ತೆರಡು. ಅರವತ್ತಮೂರು.

ಅರವತ್ತನಾಲ್ಕು. ಸರಿ.

ತಪಾಸಣಾ ತಂಡದ ಮುಂದೆ ನಾವು ಏನನ್ನೂ ಮುಚ್ಚಲಿಲ್ಲ. ಆಗಸ್ಟ್ 9ರ ಸಂಜೆ 6:40ರಿಂದ 10:52ರ ನಡುವೆ ಚೂರುಚೂರಾಗಿ ಒಟ್ಟು 41 ನಿಮಿಷದ ಲಾಗ್ ಸಿಕ್ಕಿಲ್ಲ. ಯಾವ ನಿಮಿಷಗಳು, ಯಾಕೆ ಸಿಗಲಿಲ್ಲ, ಯಾರ ಕೈ ಯಾವ ಡಿಸ್ಕನ್ನು ಮುಟ್ಟಿತು, ಯಾರು ಗುರುತು ಹಾಕದೆ ಎಳೆದರು ಎಂಬುದೆಲ್ಲ ವರದಿಯಲ್ಲಿದೆ. ಬರೆದದ್ದು ಹುಡುಗನೇ, ತನ್ನ ತಪ್ಪನ್ನು ಮೊದಲ ಪುಟದಲ್ಲಿಟ್ಟು.

ನವೆಂಬರ್ 17ರ ಕಡತ ವಿಚಾರಣೆಗೆ ಹೋಯಿತು. ಫಲಿತಾಂಶ ಅಳಿಸಿದ ಸಾಲಿನಲ್ಲಿ ಆ ಟೆಕ್ನಿಷಿಯನ್ ಹೆಸರಿರಲಿಲ್ಲ. ಮುಂದಿನ ತಿಂಗಳು ಕೆಲಸಕ್ಕೆ ಬಂದರು.

ಉಗ್ರಾಣದ ಬೀರು ಈಗಲೂ ತಿ. ನರಸೀಪುರದಲ್ಲಿದೆ, ಟೇಪುಗಳು ಮೇಲಿನ ಅರೆಗೆ ಏರಿವೆ. ಅದು ಎರಡನೇ ನಕಲು. ಮೂರನೆಯದೊಂದು ಹುಟ್ಟಿದೆ. 2024ರಲ್ಲಿ ವಯನಾಡು ಮತ್ತೆ ಸುರಿಯಿತು, ಕಪಿಲೆ ಮತ್ತೆ ಉಕ್ಕಿತು, ಮಲ್ಲನಮೂಲೆಯಲ್ಲಿ ಹೆದ್ದಾರಿ ಮತ್ತೆ ಮುಚ್ಚಿತು. ಆ ರಾತ್ರಿ ಪಿಕಪ್ ಹೊರಡಲಿಲ್ಲ. ಮೂರನೇ ನಕಲು ಚಿತ್ರದುರ್ಗದಲ್ಲಿದೆ. ಅಲ್ಲಿಗೆ ಕಪಿಲೆಯೂ ಹೋಗುವುದಿಲ್ಲ, ಕಾವೇರಿಯೂ ಹೋಗುವುದಿಲ್ಲ.